ದೊಡ್ಡಪ್ಪನ ಉಂಗುರಕ್ಕೆ ಸುತ್ತಿದ ದಾರ

ಮಿಲ್ವಾಕಿ
ಮಾರ್ಚ್ 12, 2019

ಪ್ರೀತಿಯ ದೊಡ್ಡಮ್ಮನಿಗೆ,

ನೀವು ಕಳಿಸಿದ ಟೀ ಕೇಕಿನ ಡಬ್ಬಿ ಬಂದು ಸೇರಿತು. ದಾರಿಯಲ್ಲಿ ಅರ್ಧ ಪುಡಿಯಾಗಿತ್ತು. ಪುಡಿಯನ್ನೂ ಬಿಡದೆ ಚಮಚದಲ್ಲಿ ತಿಂದು ಮುಗಿಸಿದೆ. ನಿಮ್ಮ ಅಳಿಯ ಕಾರ್ನೆಲ್‌ನ ಪಾಲು ಎತ್ತಿಟ್ಟಿದ್ದೇನೆ ಎಂದು ಅವನಿಗೆ ಹೇಳಿದ್ದು ಮಾತ್ರ ಸುಳ್ಳು. ಅವನು ನಿಮಗೆ ಫಿರ್ಯಾದು ಬರೆದರೆ ನನ್ನ ಕಡೆಯೇ ನಿಲ್ಲಬೇಕು.

ಮಗು ಚೆನ್ನಾಗಿ ಒದೆಯುತ್ತಿದೆ. ಜುಲೈ ನಡುವೆ ಹೆರಿಗೆ ಎಂದಿದ್ದಾರೆ. ಶಾಲೆಯಲ್ಲಿ ನನ್ನ ಮಕ್ಕಳು ಸಾಲಾಗಿ ಕೂತು ಕೊಳಲು ಊದುವಾಗ ಮಾತ್ರ ಒಳಗೆ ಗಪ್‌ಚಿಪ್. ಸಂಗೀತ ಟೀಚರ ಮಗುವಾದ್ದರಿಂದ ಕೇಳುತ್ತಿದೆ ಎಂದು ನಾನೆಂದರೆ, ಹೆದರಿಕೊಂಡಿದೆ ಎನ್ನುತ್ತಾನೆ ಕಾರ್ನೆಲ್.

ಒಂದು ಸಣ್ಣ ವಿಷಯ. ಮದುವೆಯ ಉಂಗುರ ಬಿಗಿಯಾಗುತ್ತಿತ್ತೆಂದು ತೆಗೆದು ಡ್ರಾಯರಿನಲ್ಲಿಟ್ಟಿದ್ದೆ. ಮೊನ್ನೆ ತಪಾಸಣೆಗೆ ಹೋದಾಗ ನರ್ಸ್ ನನ್ನ ಬರಿಗೈ ನೋಡಿದಳು. ಕೈಯಲ್ಲಿದ್ದ ಕಾಗದದಿಂದ ತಲೆ ಎತ್ತದೆ, "ಮಗುವಿನ ಅಪ್ಪ ಜೊತೇಲಿದಾನಾ, ಇಲ್ವಾ?" ಎಂದು ಕೇಳಿದಳು. ಪಕ್ಕದಲ್ಲಿ ಕೂತಿದ್ದ ಬಿಳಿ ಹುಡುಗಿಯ ಬೆರಳಲ್ಲೂ ಉಂಗುರವಿರಲಿಲ್ಲ. ಅವಳನ್ನು, ಮಗುವಿಗೆ ಏನು ಹೆಸರಿಡುತ್ತೀಯಮ್ಮ ಎಂದು ಕೇಳಿದರು. ನನ್ನ ಗಂಡ ಸರೋವರದ ಹಡಗಿನಲ್ಲಿ ಕೆಲಸ ಮಾಡುತ್ತಾನೆ, ಚಳಿಗಾಲ ಕಳೆದರೆ ಹೊರಡಬೇಕು ಎಂದೆ. ಹೊರಟುಹೋಗುವವನು ಎಂದಷ್ಟೇ ಬರೆದುಕೊಂಡಳೇನೋ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಕೈ ಜೇಬಿನಲ್ಲೇ ಇಟ್ಟುಕೊಂಡಿದ್ದೆ.

ಸಿಟ್ಟು ಮಾಡಿಕೊಳ್ಳಬೇಡಿ. ನಾನು ಚೆನ್ನಾಗಿದ್ದೇನೆ.

ನಿಮ್ಮ
ಬಿಟ್ಸಿ


ಟರ್ನರ್ಸ್ ಕ್ರಾಸಿಂಗ್, ಅಲಬಾಮಾ
ಮಾರ್ಚ್ 18, 2019

ನನ್ನ ಬಿಟ್ಸಿ,

ಸಿಟ್ಟು ಮಾಡಿಕೊಳ್ಳಬೇಡಿ ಎಂದು ಬರೆದಿದ್ದೀಯ. ನಿನ್ನ ಪತ್ರ ಓದಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿಟ್ಟ ಸೊಪ್ಪು ಸೀದು ಪಾತ್ರೆಗೆ ಅಂಟಿತ್ತು. ಸಿಟ್ಟು ಎಷ್ಟಿತ್ತೆಂದು ಇನ್ನು ನೀನೇ ಊಹಿಸಿಕೋ.

ಇದರ ಜೊತೆ ನಿನ್ನ ರೇಫರ್ಡ್ ದೊಡ್ಡಪ್ಪನ ಉಂಗುರವಿದೆ. ಹತ್ತಿಯಲ್ಲಿ ಸುತ್ತಿ, ಮಾತ್ರೆ ಡಬ್ಬಿಯಲ್ಲಿಟ್ಟು, ರಿಜಿಸ್ಟರ್ ಮಾಡಿಸಿದ್ದೇನೆ. ಅಂಚೆ ಕಚೇರಿಯ ಕಿಟಕಿಯ ಹಿಂದೆ ಜೀವಮಾನವೆಲ್ಲ ಕಳೆದವಳಿಗೆ ಯಾರೂ ಪೊಟ್ಟಣ ಕಟ್ಟುವುದನ್ನು ಹೇಳಿಕೊಡಬೇಕಿಲ್ಲ. ದೊಡ್ಡಪ್ಪ ಮರ ಕೊಯ್ಯುತ್ತಿದ್ದವನು, ಅವನ ಬೆರಳು ನಿನ್ನ ಎರಡು ಬೆರಳು ಸೇರಿದಷ್ಟು ದಪ್ಪ. ಒಳಗಡೆ ದಾರ ಸುತ್ತಿ ಹಾಕಿಕೋ. ನಿನ್ನ ಉಂಗುರ ಹಿಡಿಸದಿದ್ದರೆ ಇದು ಹಿಡಿಸುತ್ತದೆ, ಮುಗಿಯಿತಲ್ಲ. ಆ ನೀಲಿ ಉಡುಪು, ಚರ್ಚಿಗೆ ಹಾಕುವ ಕೋಟು, ಎರಡನ್ನೂ ಇಸ್ತ್ರಿ ಮಾಡಿಟ್ಟುಕೋ. ತಲೆ ನೀಟಾಗಿರಲಿ. ಮೆತ್ತಗೆ ಮಾತಾಡು, ಥ್ಯಾಂಕ್ಸ್ ಹೇಳು. ನಿನ್ನಮ್ಮ ಇದ್ದಿದ್ದರೆ ಅವಳೂ ಇದನ್ನೇ ಹೇಳುತ್ತಿದ್ದಳು.

ಚರ್ಚಿನ ನೆಲಮಾಳಿಗೆಯಲ್ಲಿ ನಮ್ಮ ಹೆಂಗಸರ ಗುಂಪು ಸೇರುತ್ತದೆಂದು ಬರೆದಿದ್ದೆನಲ್ಲ, ಅದು ಈಗ ನಿಜವಾದ ಸಂಶೋಧನೆಯಾಗಿದೆ. ಬಸಿರು, ಬಾಣಂತನದಲ್ಲಿ ನಮ್ಮ ಕಪ್ಪು ಹೆಂಗಸರು ಬಿಳಿಯರಿಗಿಂತ ಮೂರು ಪಟ್ಟು ಹೆಚ್ಚು ಸಾಯುತ್ತಾರೆ, ಓದಿದವರೂ ಅಷ್ಟೇ, ಓದದವರೂ ಅಷ್ಟೇ. ಆಸ್ಪತ್ರೆಯ ಒಳಗೆ ನಮಗೇನಾಗುತ್ತದೆ ಎಂದು ನಾವೇ ನಮ್ಮವರನ್ನು ಕೇಳಿ ಬರೆಯಬೇಕು. ವಿಶ್ವವಿದ್ಯಾಲಯದಿಂದ ಇಮಾನಿ ಎಂಬ ಹುಡುಗಿ ಬರುತ್ತಾಳೆ, ನಮ್ಮವಳೇ, ಡಾಕ್ಟರೇಟ್ ಆದವಳು. ಪ್ರಶ್ನೆ ನಮ್ಮದು, ಧ್ವನಿಮುದ್ರಣ ನಮ್ಮ ಹತ್ತಿರವೇ ಇರಬೇಕು ಎಂದು ಮೊದಲ ದಿನವೇ ಷರತ್ತು ಹಾಕಿದೆವು. ಅವಳೂ ಹಾಗೇ ಆಗಲಿ ಎಂದಳು.

ಕಷ್ಟ ಏನೆಂದರೆ, ಹೆರಿಗೆ ಹೇಗಾಯಿತಮ್ಮ ಎಂದು ಕೇಳಿದರೆ ಎಲ್ಲರೂ ದೇವರ ದಯೆಯಿಂದ ಚೆನ್ನಾಗಿ ಆಯಿತು ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ನಾನೋ ಕಿವುಡಿ, ಅವರ ತುಟಿಯನ್ನೇ ದಿಟ್ಟಿಸಿ ಕೂತಿರುತ್ತೇನೆ. ತುಟಿ ಚೆನ್ನಾಗಿದೆ ಎಂದರೂ ಕಣ್ಣು ಹಾಗೆನ್ನುವುದಿಲ್ಲ.

ಫೋನ್ ಮಾಡಬೇಡ. ಫೋನಿನಲ್ಲಿ ನನಗೆ ಬರೀ ಗುಂಯ್ ಎನ್ನುತ್ತದೆ. ಬರೆ.

ನಿನ್ನ ದೊಡ್ಡಮ್ಮ
ವರ್ನೆಲ್


ಮಿಲ್ವಾಕಿ
ಮಾರ್ಚ್ 30, 2019

ಪ್ರೀತಿಯ ದೊಡ್ಡಮ್ಮನಿಗೆ,

ಉಂಗುರ ಬಂತು. ಮಾತ್ರೆ ಡಬ್ಬಿ ತೆರೆದ ಕೂಡಲೇ ದೊಡ್ಡಪ್ಪ ಮನೆಗೆ ಬಂದ ಹಾಗಾಯಿತು, ಮರದ ಪುಡಿಯ ವಾಸನೆಯೂ ಬಂದಂತೆ. ಕೂತು ಸ್ವಲ್ಪ ಅತ್ತೆ. ಕಸೂತಿಯ ಕೆಂಪು ದಾರ ದಪ್ಪಗೆ ಸುತ್ತಿದ ಮೇಲೆ ಬೆರಳಿನಲ್ಲಿ ನಿಂತಿತು. ಗಂಡಸಿನ ಉಂಗುರ ಹಾಕಿಕೊಂಡ ಹುಡುಗಿ ಎಂದು ಕಾರ್ನೆಲ್ ಗೇಲಿ ಮಾಡಿದ, ಆಮೇಲೆ ಅದೇ ಕೈ ಹಿಡಿದು ಕೂತಿದ್ದ.

ನೀಲಿ ಉಡುಪಿನಲ್ಲಿ ಹೋಗಿದ್ದೆ. ಈ ಸಲ ಮಿಸೆಸ್ ಎಂದು ಕರೆದರು. ಕುರ್ಚಿ ಸರಿಸಿ ಕೊಟ್ಟರು. ಉಂಗುರವನ್ನು ಚೆನ್ನಾಗಿಯೇ ನೋಡಿದರು ದೊಡ್ಡಮ್ಮ. ನನ್ನನ್ನು ಅಷ್ಟೊಂದು ನೋಡಲಿಲ್ಲ. ಬಿ.ಪಿ. ಸ್ವಲ್ಪ ಜಾಸ್ತಿಯಿದೆ, ಗಾಬರಿಗೆ ಹಾಗಾಗುತ್ತದೆ ಎಂದರು. ಥ್ಯಾಂಕ್ಸ್ ಹೇಳಿ ಬಂದೆ.

ಸರೋವರದಲ್ಲಿ ಮಂಜುಗಡ್ಡೆ ಕರಗಿ ಕಾರ್ನೆಲ್ ಹಡಗು ಹತ್ತಿದ. ಮನೆ ದೊಡ್ಡದಾಗಿಬಿಟ್ಟಿದೆ. ಆಗಾಗ ತಲೆ ನೋಯುತ್ತದೆ, ಕೊಳಲಿನ ಮಕ್ಕಳ ಉಡುಗೊರೆ.

ನಿಮ್ಮ ಬಿಟ್ಸಿ


ಟರ್ನರ್ಸ್ ಕ್ರಾಸಿಂಗ್
ಏಪ್ರಿಲ್ 9, 2019

ನನ್ನ ಬಿಟ್ಸಿ,

ನಿನ್ನ ಉಂಗುರದಿಂದ ನಮ್ಮ ಸಂಶೋಧನೆಯೇ ದಾರಿ ಬದಲಿಸಿತು, ಕೇಳು.

ಕಳೆದ ಸಲ ಗುಂಪಿನಲ್ಲಿ ಎಲ್ಲರೂ ಬೇಜಾರಾಗಿ ಕಾಫಿ ಕುಡಿಯುತ್ತಿದ್ದೆವು. ಕೇಳಿದ ಪ್ರಶ್ನೆಗೆಲ್ಲ ಚೆನ್ನಾಗಿತ್ತು, ಚೆನ್ನಾಗಿತ್ತು ಎಂಬ ಉತ್ತರವೇ ತುಂಬಿಕೊಂಡಿತ್ತು. ನಾನು ಸುಮ್ಮನೆ ಮಾತಿಗೆ ಉಂಗುರ ಕಳಿಸಿದ ವಿಷಯ ಹೇಳಿದೆ. ನಮ್ಮ ಗುಂಪಿನ ಲೊರೇನ್ ನಕ್ಕಳು. ತನಗೆ ನೋವು ಶುರುವಾದ ಮೇಲೂ ಕನ್ನಡಿ ಮುಂದೆ ನಿಂತು ತುಟಿಗೆ ಬಣ್ಣ ಹಚ್ಚಿಕೊಂಡಿದ್ದಳಂತೆ. ಇನ್ನೊಬ್ಬಳು ಓದಿದವಳೆಂದು ತಿಳಿಯಲಿ ಎಂದು ಗ್ರಂಥಾಲಯದಿಂದ ಕಾನೂನಿನ ದಪ್ಪ ಪುಸ್ತಕ ತಂದು ಮಡಿಲಲ್ಲಿಟ್ಟುಕೊಂಡು ಹೋದಳಂತೆ. ಡಾಕ್ಟರ್ ತನ್ನ ಜಮೀನಿನ ವ್ಯಾಜ್ಯದ ಬಗ್ಗೆ ಸಲಹೆ ಕೇಳಿ ಅವಳ ಬೆವರಿಳಿಸಿದನಂತೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ಇಮಾನಿ ನನ್ನ ಕಡೆ ತಿರುಗಿ, "ನಾನು ಕೆಲಸದ ಸಂದರ್ಶನಕ್ಕೆ ಹೊಲಿಸಿದ್ದ ಸೂಟ್ ಹಾಕ್ಕೊಂಡು ಹೆರೋಕೆ ಹೋಗಿದ್ದೆ, ವರ್ನೆಲಕ್ಕ" ಎಂದಳು. ಆಗ ನಗು ನಿಂತಿತು.

ನೋಡು, ಅವರಲ್ಲಿ ಒಬ್ಬಳೂ ಆಸ್ಪತ್ರೆಯಲ್ಲಿ ನೋವೆಂದು ಕೂಗಿರಲಿಲ್ಲ. ಅಷ್ಟು ಒಪ್ಪವಾಗಿ ಹೋದವಳು ಕೂಗುವುದು ಹೇಗೆ? ಕೂಗದವಳಿಗೆ ನೋವಿದೆ ಎಂದು ನಂಬುವವರು ಯಾರು? ಅಲ್ಲೇ ಹಳೆಯ ಪ್ರಶ್ನೆಯನ್ನು ಹೊಡೆದುಹಾಕಿದೆವು. ಈಗ ಮೊದಲು ಕೇಳುವುದು, ಆಸ್ಪತ್ರೆಗೆ ಏನು ಹಾಕಿಕೊಂಡು ಹೋಗಿದ್ದೆ ಎಂದು. ಬಾಗಿಲು ತೆರೆದ ಹಾಗೆ ಮಾತು ಬರುತ್ತಿದೆ. ಒಬ್ಬೊಬ್ಬಳ ಕಥೆ ಕೇಳಿ ಬಂದ ಮೇಲೆ ನನಗೆ ಊಟ ಸೇರುವುದಿಲ್ಲ.

ನೀನು ಮಾತ್ರ ಉಂಗುರ ತೆಗೆಯಬೇಡ. ಗೊತ್ತಿದ್ದೂ ಹೇಳುತ್ತಿದ್ದೇನೆ, ಅಲ್ಲಿಯ ಜನ ಬದಲಾಗುವವರೆಗೆ ನಮ್ಮ ಹುಡುಗಿ ಬರಿಗೈಯಲ್ಲಿ ಹೋಗುವುದು ಬೇಡ.

ನಿನ್ನ ದೊಡ್ಡಮ್ಮ


ಮಿಲ್ವಾಕಿ
ಏಪ್ರಿಲ್ 28, 2019

ಪ್ರೀತಿಯ ದೊಡ್ಡಮ್ಮನಿಗೆ,

ತಡವಾಯಿತು, ಕ್ಷಮಿಸಿ. ಈಸ್ಟರ್ ಚೆನ್ನಾಗಿ ಕಳೆಯಿತು. ಚರ್ಚಿನ ಆರ್ಗನ್ ಈ ಸಲ ನಾನು ನುಡಿಸಲಿಲ್ಲ, ಪಾಲೀನ್ ನುಡಿಸಿದಳು. ಅವಳಿಗೂ ಆಸೆಯಿತ್ತು, ನನಗೂ ಸೋಮಾರಿತನ.

ನಿಮಗೆ ನಗು ಬರುವ ಸುದ್ದಿ. ದೊಡ್ಡಪ್ಪನ ಉಂಗುರಕ್ಕೆ ಸುತ್ತಿದ್ದ ದಾರ ಈಗ ಬೇಡವಾಯಿತು. ಬಿಚ್ಚಿಬಿಟ್ಟೆ. ದಾರವಿಲ್ಲದೆಯೇ ಸರಿಯಾಗಿ ಕೂತಿದೆ.

ಕಾರ್ನೆಲ್ ಡುಲೂತ್ ಬಂದರಿನಿಂದ ಫೋನ್ ಮಾಡಿದ್ದ. ನಿಮ್ಮನ್ನು ಕೇಳಿದ. ಕೈ ಜೋಮು ಹಿಡಿಯುತ್ತಿದೆ, ಇಷ್ಟಕ್ಕೆ ನಿಲ್ಲಿಸುತ್ತೇನೆ.

ಬಿಟ್ಸಿ


ಟರ್ನರ್ಸ್ ಕ್ರಾಸಿಂಗ್
ಮೇ 5, 2019

ನನ್ನ ಬಿಟ್ಸಿ,

ರೇಫರ್ಡ್‌ನ ಉಂಗುರ ದಾರವಿಲ್ಲದೆ ನಿಲ್ಲುವಷ್ಟು ಮೈ ಹಿಡಿದಿದ್ದೀಯ ಎಂದರೆ, ಈ ಮುದುಕಿಗೆ ಇನ್ನೇನು ಬೇಕು? ಕಡ್ಡಿಯ ಹಾಗಿದ್ದ ಹುಡುಗಿ ನೀನು. ಊಟದ ತಟ್ಟೆ ಹಿಡಿದು ನಿನ್ನ ಹಿಂದೆ ಅಂಗಳವೆಲ್ಲ ಓಡಿದ್ದೇನೆ. ಅಂಚೆ ಕಚೇರಿಗೆ ಹೋಗಿ ಎಲ್ಲರಿಗೂ ಹೇಳಿಬಂದೆ. ಲೊರೇನ್‌ಗೆ ಎರಡು ಸಲ ಹೇಳಿದೆನಂತೆ. ಇನ್ನಷ್ಟು ತಿನ್ನು, ಟೀ ಕೇಕ್ ಮತ್ತೆ ಕಳಿಸುತ್ತಿದ್ದೇನೆ.

ಆರ್ಗನ್ ವಿಷಯಕ್ಕೆ ಮಾತ್ರ ಸಿಟ್ಟು ಬಂತು. ಈಸ್ಟರ್ ದಿನ ಬೇರೆಯವರ ಕೈಗೆ ಆರ್ಗನ್ ಕೊಡುವವಳಲ್ಲ ನೀನು. ಅಲ್ಲಿಯ ಪಾದ್ರಿಯ ಜೊತೆ ಏನಾದರೂ ಜಗಳವೇ? ಇದ್ದರೆ ಬರೆ, ಅವನಿಗೆ ಬೇರೆ ಪತ್ರ ಹಾಕುತ್ತೇನೆ. ನಿನ್ನ ಅಕ್ಷರವೂ ಕೋಳಿ ಕೆದರಿದ ಹಾಗಿತ್ತು. ನಾಲ್ಕು ಸಾಲು ಗೀಚಿ ಕಳಿಸುವಷ್ಟು ಅವಸರವೇ?

ಇಲ್ಲಿ ನನಗೊಂದು ಭಾರದ ಕೆಲಸ ಬಂದಿದೆ. ಅರ್ನೆಟಾ ನೆನಪಿದ್ದಾಳಲ್ಲ, ಡೆನೀಟಾಳ ಅಮ್ಮ? ಡೆನೀಟಾ ಹೆರಿಗೆಯಾಗಿ ಮನೆಗೆ ಬರಲೇ ಇಲ್ಲ, ಮಗು ಮಾತ್ರ ಬಂತು. ಅರ್ನೆಟಾ ತಾನಾಗಿಯೇ ಬಂದು, ಮಗಳ ಕಥೆ ಕೊಡುತ್ತೇನೆ ಎಂದಳು. ಕೂತು ಕೇಳಿದೆ. ಡಾಕ್ಟರು ಒಳ್ಳೆಯವರು, ಚರ್ಚಿನವರು ಊಟ ತಂದುಕೊಟ್ಟರು, ದೇವರ ಇಚ್ಛೆ, ಇಷ್ಟೇ ಹೇಳಿ ಎದ್ದಳು. ಏನು ಹಾಕಿಕೊಂಡು ಹೋದಳು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ನಮ್ಮಲ್ಲಿ ಒಂದು ಕ್ರಮವಿದೆ. ಕಥೆಯನ್ನು ಬರೆದು ತೆಗೆದ ಮೇಲೆ, ಕೊಟ್ಟವಳ ಮನೆಗೆ ಹೋಗಿ ಗಟ್ಟಿಯಾಗಿ ಓದಿ ಹೇಳಬೇಕು. ಬೇಡವೆಂದಿದ್ದನ್ನು ಹೊಡೆದುಹಾಕಬೇಕು, ಬೇಕೆಂದಿದ್ದನ್ನು ಸೇರಿಸಬೇಕು. ಅವಳು ಇದು ಸರಿ ಎಂದ ಮೇಲೆಯೇ ಅದು ಸಂಶೋಧನೆಗೆ ಸಲ್ಲುತ್ತದೆ. ಅವಳು ಮಾತಾಡುವಾಗ ಓದುವವರು ಮಧ್ಯೆ ಬಾಯಿ ಹಾಕುವಂತಿಲ್ಲ, ಎದ್ದು ಹೋಗುವಂತಿಲ್ಲ. ಅರ್ನೆಟಾಳ ಮುಂದೆ ಅದನ್ನು ಓದುವ ದಿನವನ್ನು ಮುಂದೂಡುತ್ತಲೇ ಇದ್ದೇನೆ.

ನಿನ್ನ ದೊಡ್ಡಮ್ಮ


ಮಿಲ್ವಾಕಿ
ಮೇ 17, 2019

ಪ್ರೀತಿಯ ದೊಡ್ಡಮ್ಮನಿಗೆ,

ಶಾಲೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಕಳಿಸುತ್ತಿದ್ದೇನೆ. ವರ್ಷದ ಕೊನೆ, ಮಕ್ಕಳ ಅಂಕಪಟ್ಟಿ ಕೆಲಸ ಬಹಳ.

ತಪಾಸಣೆಗೆ ಹೋಗಿದ್ದೆ. ಎಲ್ಲವೂ ಮಾಮೂಲು ಎಂದರು. ನೀರು ಕುಡಿಯಬೇಕು, ಕಾಲು ಎತ್ತರದಲ್ಲಿಟ್ಟುಕೊಂಡು ಮಲಗಬೇಕು ಎಂದರು. ಪಾದ್ರಿಯ ಜೊತೆ ಜಗಳವಿಲ್ಲ. ಉಂಗುರ ಬೆರಳಿನಲ್ಲೇ ಇದೆ. ಟೀ ಕೇಕ್ ಬಂತು.

ನೀವು ನಿಮ್ಮ ಕೆಲಸ ಮಾಡಿ, ನನ್ನ ಚಿಂತೆ ಬಿಡಿ. ಅರ್ನೆಟಾ ಆಂಟಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಚೆನ್ನಾಗಿದ್ದೇನೆ.

ಮರ್ಲಿಸ್


ಟರ್ನರ್ಸ್ ಕ್ರಾಸಿಂಗ್
ಮೇ 23, 2019

ಮರ್ಲಿಸ್‌ಗೆ,

ನಿನ್ನ ಟೈಪ್ ಮಾಡಿದ ಪತ್ರ ತಲುಪಿತು. ಮೊದಲು ಕರೆಂಟ್ ಬಿಲ್ ಎಂದುಕೊಂಡೆ. ಕೆಳಗೆ ಹೆಸರು ನೋಡಿದ ಮೇಲೆ ತಿಳಿಯಿತು, ನಾನು ಬಿಟ್ಸಿ ಎಂದು ಕರೆಯುವವಳೇ ಎಂದು.

ನಿನಗೆ ಕೆಲಸ ಬಹಳ. ಕೈಬರಹ ಬೇಕೆಂದು ನಾನು ಹಟ ಮಾಡುವುದಿಲ್ಲ. ಮನಸ್ಸಿಗೆ ನೋವಾಯಿತು ಎಂದು ಮಾತ್ರ ಹೇಳಿಬಿಡುತ್ತೇನೆ, ಮುಚ್ಚಿಡುವುದು ನನಗೆ ಬರುವುದಿಲ್ಲ.

ಈ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅರ್ನೆಟಾಳ ಮನೆಗೆ ಓದಿ ಹೇಳಲು ಹೋಗುತ್ತಿದ್ದೇನೆ.

ವರ್ನೆಲ್


ಮಿಲ್ವಾಕಿ
ಜೂನ್ 7, 2019

ನನ್ನ ದೊಡ್ಡಮ್ಮನಿಗೆ,

ಪೆನ್ಸಿಲಿನಲ್ಲಿ, ನನ್ನ ಕೈಯಲ್ಲೇ ಬರೆಯುತ್ತಿದ್ದೇನೆ. ಅಕ್ಷರ ವಕ್ರವಾಗಿದ್ದರೆ ಬೈದುಕೊಳ್ಳಿ, ನೀವು ಬೈಯುವುದನ್ನು ಕೇಳಲು ಆಸೆಯಾಗಿದೆ.

ಮಗು ಗಾಜಿನ ಪೆಟ್ಟಿಗೆಯಲ್ಲಿ ಮಲಗಿದೆ. ದೊಡ್ಡಪ್ಪನ ಅಂಗೈಯಲ್ಲಿ ಹಿಡಿಸುವಷ್ಟಿದ್ದಾಳೆ. ಇವತ್ತು ನನ್ನ ಬೆರಳನ್ನು ಹಿಡಿದಳು. ಕಾರ್ನೆಲ್ ಮುಂದಿನ ಬಂದರಿನಲ್ಲೇ ಹಡಗು ಇಳಿದು ಬಂದ. ಇಬ್ಬರೂ ಉಳಿದಿದ್ದಾರೆ ಎಂದು ಅರ್ನೆಟಾ ಆಂಟಿಗೆ ಅವನು ಫೋನ್ ಮಾಡಿದ್ದು, ಅದನ್ನವರು ನಿಮಗೆ ಹೇಳಿದ್ದು ಗೊತ್ತು. ಉಳಿದದ್ದನ್ನು ನಾನೇ ಬರೆಯಬೇಕು.

ಮೊದಲು, ನಾನು ಬರೆಯದೆ ಬಿಟ್ಟದ್ದು. ಈಸ್ಟರ್ ಹೊತ್ತಿಗೆ ಬೆರಳುಗಳು ಊದಿ ಆರ್ಗನ್ನಿನ ಒಂದು ಕೀ ಒತ್ತಿದರೆ ಎರಡು ನುಡಿಯುತ್ತಿದ್ದವು. ಮೇ ತಿಂಗಳಲ್ಲಿ ಪೆನ್ನು ಹಿಡಿಯಲು ಬರಲಿಲ್ಲ, ಅದಕ್ಕೇ ಟೈಪ್ ಮಾಡಿದೆ. ಉಂಗುರ ಬೆರಳಿನಲ್ಲೇ ಇದೆ ಎಂದು ಬರೆದೆ, ಸೋಪು ಹಚ್ಚಿ ಎಳೆದರೂ ಬರುತ್ತಿಲ್ಲ ಎಂದು ಬರೆಯಲಿಲ್ಲ. ದಾರ ಬಿಚ್ಚಿದ್ದಕ್ಕೆ ನೀವು ಅಂಚೆ ಕಚೇರಿಗೆಲ್ಲ ಹೇಳಿ ಬರುವಷ್ಟು ಸಂತೋಷಪಟ್ಟಿರಿ. ಅದನ್ನು ನಿಮ್ಮಿಂದ ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ. ಆಸ್ಪತ್ರೆಯಲ್ಲೂ ಊತದ ವಿಷಯ ಎರಡು ಸಲ ಹೇಳಿದ್ದೆ. ಬಸುರಿಯರಿಗೆಲ್ಲ ಆಗುತ್ತದೆ ಎಂದರು, ನಾನು ನೀಲಿ ಉಡುಪಿನಲ್ಲಿ ನಕ್ಕು ಥ್ಯಾಂಕ್ಸ್ ಹೇಳಿದೆ.

ಆ ಭಾನುವಾರ ತಲೆನೋವಿಗೆ ಪರದೆ ಎಳೆದು ಮಲಗಿದ್ದೆ. ಕಣ್ಣ ಮುಂದೆ ಮಿಣುಕು ಮಿಣುಕು. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಬೇಡ ಎಂದು ಬಿಟ್ಟಿದ್ದೆ, ನಿಲ್ಲಲಿಲ್ಲ, ಎತ್ತಿದೆ. ಯಾವುದೋ ಹೆಂಗಸಿನ ಧ್ವನಿ. "ನಾನು ಅರ್ನೆಟಾ. ನಿನ್ ದೊಡ್ಡಮ್ಮ ಇಲ್ಲೇ ನನ್ ಎದುರಿಗೆ ನಿಂತಿದಾಳೆ. ಉಂಗುರ ಬೆರಳಿಂದ ಬರುತ್ತಾ, ಹೇಳು" ಎಂದರು. ಬರಲ್ಲ ಆಂಟಿ, ಆದ್ರೂ ನಾನು ಚೆನ್ನಾಗಿದೀನಿ ಎಂದೆ. "ಆ ಮಾತು ಬಿಟ್ಹಾಕು ಮಗಳೇ. ತಲೆ ನೋಯುತ್ತಾ? ಕಣ್ಣಿಗೆ ಏನಾದ್ರೂ ಕಾಣುತ್ತಾ?" ಎಂದರು. ನಾನು ಅತ್ತುಬಿಟ್ಟೆ.

ಈಗಲೇ ಆಸ್ಪತ್ರೆಗೆ ಹೊರಡು ಎಂದರು. ಬಟ್ಟೆ ಬದಲಾಯಿಸಿ ಹೊರಡುತ್ತೇನೆ ಎಂದೆ, ಆಗಲೇ ಕೈ ನೀಲಿ ಉಡುಪಿಗೆ ಹೋಗಿತ್ತು. ಅದನ್ನು ಬಿಡು ಎಂದರು ಆಂಟಿ. ಆಮೇಲೆ ಹೇಳಿದರು: "ನನ್ ಮಗಳು ತಲೆ ಬಾಚ್ಕೊಳೋಕೆ ಕೂತ್ಲು ಕಣಮ್ಮ. ನೀನು ಹೇಗಿದೀಯೋ ಹಾಗೇ ಹೋಗು."

ಮನೆಯಲ್ಲಿ ಹಾಕುವ ಹಳೇ ನಿಲುವಂಗಿ, ತಲೆಗೆ ಕಟ್ಟಿದ ಬಟ್ಟೆ, ಕಾಲಿಗೆ ಕಾರ್ನೆಲ್‌ನ ಚಪ್ಪಲಿ. ಹಾಗೇ ಬಾಗಿಲು ತೆರೆದರೆ ನಮ್ಮ ಚರ್ಚಿನ ವಿಲ್ಹೆಲ್ಮಿನಾ ಅಜ್ಜಿ ಮೆಟ್ಟಿಲ ಮೇಲೆ ನಿಂತಿದ್ದಾರೆ. ಚರ್ಚಿನಲ್ಲಿ ಬಾಗಿಲು ಕಾದು ಜನರನ್ನು ಕೂರಿಸುವ ಅಜ್ಜಿಯರಿದ್ದಾರಲ್ಲ, ಅವರ ಪಂಗಡಕ್ಕೆಲ್ಲ ಯಜಮಾನಿ. ನಾನು ಫೋನ್ ಎತ್ತದಿದ್ದಾಗ ಆಂಟಿ ಪಕ್ಕದ ಮನೆಯವರಿಂದ ನಮ್ಮ ಚರ್ಚಿಗೂ ಫೋನ್ ಮಾಡಿಸಿದ್ದರು. ಪ್ರಾರ್ಥನೆ ಆಗತಾನೇ ಮುಗಿದಿತ್ತು, ಅಜ್ಜಿಯರೆಲ್ಲ ಬಿಳಿ ಉಡುಪು, ಬಿಳಿ ಕೈಗವಸು ಹಾಗೇ ಇಟ್ಟುಕೊಂಡು ಕಾರು ಹತ್ತಿದ್ದಾರೆ.

ರಜೆಯ ವಾರಾಂತ್ಯ, ಆಸ್ಪತ್ರೆಯಲ್ಲಿ ಜನ ಕಡಿಮೆ. ಕೂತಿರಿ, ಕರೆಯುತ್ತೇವೆ ಎಂದರು. ಆಂಟಿ ಹೇಳಿಕೊಟ್ಟ ಮಾತನ್ನೇ ಹೇಳಿದೆ. ಚೆನ್ನಾಗಿದ್ದೇನೆ ಎನ್ನಲಿಲ್ಲ, ಸ್ವಲ್ಪ ಎನ್ನಲಿಲ್ಲ, ಥ್ಯಾಂಕ್ಸ್ ಹೇಳಲಿಲ್ಲ. "ತಲೆನೋವು ಹೋಗ್ತಿಲ್ಲ. ಕಣ್ಣಿಗೆ ಮಿಂಚು ಕಾಣ್ತಿದೆ. ಕೈ ಊದಿ ಉಂಗುರ ಸಿಕ್ಕಿಹಾಕ್ಕೊಂಡಿದೆ. ಈಗ್ಲೇ ಬಿ.ಪಿ. ನೋಡಿ, ಅಲ್ಲೀವರೆಗೆ ನಾನು ಇಲ್ಲಿಂದ ಹೋಗಲ್ಲ." ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. ಹಿಂದೆ ಅಜ್ಜಿಯರು ಸಾಲಾಗಿ ನಿಂತಿದ್ದರು. ಅಲ್ಲಿಯ ಗುಮಾಸ್ತೆ ಅವರ ಬಿಳಿ ಬಟ್ಟೆ ನೋಡಿ ಯಾವ ವಾರ್ಡಿನ ನರ್ಸ್‌ಗಳು ಎಂದು ಕೇಳಿದಳು. "ನಾವು ಬಾಗಿಲು ಕಾಯೋರು. ಇವಳನ್ನ ಒಳಗೆ ಕೂರಿಸೋವರೆಗೂ ಕಾಯ್ತೀವಿ" ಎಂದರು ವಿಲ್ಹೆಲ್ಮಿನಾ ಅಜ್ಜಿ.

ಚಿಕ್ಕ ವಯಸ್ಸಿನ ಒಬ್ಬ ನರ್ಸ್ ಬಂದು ಬಿ.ಪಿ. ನೋಡಿದಳು, ಅವಳ ಮುಖವೇ ಬದಲಾಯಿತು. ಓಡಿದಳು. ಆಮೇಲೆ ಎಲ್ಲವೂ ಓಟವೇ. ಆಪರೇಷನ್‌ಗೆ ಮೊದಲು ಉಂಗುರ ಕತ್ತರಿಸಬೇಕು ಎಂದರು. ಅದು ನನ್ನ ದೊಡ್ಡಪ್ಪನದು ಎಂದೆ. ಆ ನರ್ಸ್ ಹುಡುಗಿ ನನ್ನ ಮುಖ ನೋಡಿ, "ನಿಧಾನಕ್ಕೆ ಕತ್ತರಿಸ್ತೀನಿ, ಕಳೆಯೋಕೆ ಬಿಡಲ್ಲ" ಎಂದಳು. ಇನ್ನು ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಅದನ್ನು ಬರೆಯುವುದಿಲ್ಲ, ನೀವು ಓದುವುದೂ ಬೇಡ.

ಉಂಗುರವನ್ನು ಇದರ ಜೊತೆ ಕಳಿಸುತ್ತಿದ್ದೇನೆ, ಹತ್ತಿಯಲ್ಲಿ ಸುತ್ತಿ, ಮಾತ್ರೆ ಡಬ್ಬಿಯಲ್ಲಿ. ಹಾಳುಮಾಡಿದೆ ದೊಡ್ಡಮ್ಮ.

ನಿಮ್ಮ ಬಿಟ್ಸಿ


ಟರ್ನರ್ಸ್ ಕ್ರಾಸಿಂಗ್
ಜೂನ್ 13, 2019

ನನ್ನ ಬಿಟ್ಸಿ, ನನ್ನ ಬಂಗಾರ,

ಉಂಗುರ ಹಾಳಾಗಿಲ್ಲ. ಅಂಥ ಮಾತು ಇನ್ನೊಮ್ಮೆ ಬರೆದರೆ ಮಿಲ್ವಾಕಿಗೇ ಬಂದು ಕಿವಿ ಹಿಂಡುತ್ತೇನೆ. ಹೇಗೂ ಬರುತ್ತಿದ್ದೇನೆ, ಲೊರೇನ್ ರೈಲಿನ ಟಿಕೆಟ್ ಮಾಡಿಸಿದ್ದಾಳೆ. ಪೆನ್ಸಿಲಿನ ಆ ಸೊಟ್ಟ ಅಕ್ಷರಗಳನ್ನು ಎಷ್ಟು ಸಲ ಓದಿದೆನೋ, ಮಡಿಕೆಯಲ್ಲಿ ಕಾಗದ ಹರಿಯತೊಡಗಿದೆ.

ಆ ದಿನ ಇಲ್ಲಿ ನಡೆದದ್ದು ನಿನಗೆ ಗೊತ್ತಾಗಬೇಕು. ಅರ್ನೆಟಾಳ ಅಡುಗೆಮನೆಯಲ್ಲಿ ಕೂತು, ಡಾಕ್ಟರು ಒಳ್ಳೆಯವರು ಎನ್ನುವಲ್ಲಿಂದ ದೇವರ ಇಚ್ಛೆಯವರೆಗೆ ಓದಿದೆ. ಮೊಮ್ಮಗ ಅಂಗಳದಲ್ಲಿ ಆಡುತ್ತಿದ್ದ. ಅವಳು ಮೇಜು ಒರೆಸುತ್ತಲೇ ನನ್ನ ಕಡೆ ತಲೆ ಎತ್ತಿ, "ಇದ್ರಲ್ಲಿ ಉಂಗುರ ಇಲ್ಲ, ವರ್ನೆಲಕ್ಕ" ಎಂದಳು.

ಯಾವ ಉಂಗುರ ಎಂದೆ.

"ಅವಳದು ಹಿಡಿಸ್ತಿರ್ಲಿಲ್ಲ. ಬರಿಗೈಲಿ ಹೋದ್ರೆ ಏನಂದ್ಕೊಳ್ತಾರೋ ಅಂತ ನಾನೇ ನಂದು ಕೊಟ್ಟೆ. ಮೊದ್ಲು ಸಡಿಲ ಇತ್ತು, ಆಮೇಲೆ ಸರಿಹೋಯ್ತು. ಮೈ ತುಂಬ್ಕೋತಿದಾಳೆ ಅಂತ ನಾನು ಎಷ್ಟು ಖುಷಿಪಟ್ಟೆ ಅಂತೀಯ. ಕೊನೇಗೆ ಆಸ್ಪತ್ರೆಯವ್ರು ಅದನ್ನ ಕತ್ತರಿಸಿ ಲಕೋಟೇಲಿ ಹಾಕಿ ಕೈಗೆ ಕೊಟ್ರು."

ಬಿಟ್ಸಿ, ಕೈಯಲ್ಲಿದ್ದ ಹಾಳೆಗಳು ಕೆಳಗೆ ಬಿದ್ದವು. ಈಸ್ಟರ್, ಆರ್ಗನ್, ಕೋಳಿ ಕೆದರಿದ ಅಕ್ಷರ, ಟೈಪ್ ಮಾಡಿದ ಪತ್ರ, ಎಲ್ಲವೂ ಒಟ್ಟಿಗೆ ಬಂದು ಎದೆಗೆ ಬಡಿದವು. ಮಧ್ಯೆ ಏಳಬಾರದು ಎಂಬ ನಿಯಮ ನಮ್ಮದೇ. ಎದ್ದುಬಿಟ್ಟೆ. ಬಾಯಿಂದ ನನ್ ಹುಡ್ಗಿ, ನನ್ ಹುಡ್ಗಿ ಎಂದು ಮಾತ್ರ ಬಂತು. ನಿನ್ನ ಉಂಗುರದ ಸುದ್ದಿ ಊರಿಗೆಲ್ಲ ಹೇಳಿದ್ದೆನಲ್ಲ, ಅವಳು ಏನೆಂದೂ ಕೇಳಲಿಲ್ಲ. ಒದ್ದೆ ಕೈಯನ್ನು ಉಡುಪಿಗೆ ಒರೆಸಿಕೊಂಡು, ನಂಬರ್ ಕೊಡು ಎಂದಳು.

ಗೋಡೆಯ ಫೋನ್ ಹಿಡಿದು ನನ್ನ ಕಡೆ ಮುಖ ಮಾಡಿ ನಿಂತಳು, ನಾನು ತುಟಿ ಓದಲಿ ಎಂದು. ಬಹಳ ಹೊತ್ತು ಅವಳ ತುಟಿ ಅಲ್ಲಾಡಲೇ ಇಲ್ಲ. ಮತ್ತೆ ಮತ್ತೆ ನಂಬರ್ ಒತ್ತಿದಳು. ನನಗೆ ಅಲ್ಲಿ ಗಂಟೆ ಹೊಡೆಯುತ್ತಿದೆಯೋ ಇಲ್ಲವೋ ತಿಳಿಯದು, ಆ ಮುಚ್ಚಿದ ತುಟಿಯನ್ನೇ ನೋಡುತ್ತಾ ನಿಂತಿದ್ದೆ. ಬದುಕಿನಲ್ಲಿ ಅಷ್ಟು ಹೆದರಿದ್ದು ಇನ್ನೊಂದು ಸಲ ಇಲ್ಲ. ಕೊನೆಗೆ ತುಟಿ ಬಿಚ್ಚಿತು. ನಾನು ಅರ್ನೆಟಾ ಎಂದಿತು. ನಾನು ಅಲ್ಲೇ ನೆಲದ ಮೇಲೆ ಕೂತೆ.

ನಿನ್ನದನ್ನೂ ಗುಂಪಿಗೆ ಓದಿ ಹೇಳಿದೆ, ಕೇಳದೆ ಹೇಳಿದ್ದಕ್ಕೆ ಬೇಕಾದರೆ ಬೈದುಬಿಡು. ಎರಡು ಕಥೆ, ಎರಡು ಊರು, ಒಂದೇ ಉಂಗುರದ ಹಾಗೆ. ಇಮಾನಿ ಹಳೆಯ ಹಾಳೆಗಳ ಕಟ್ಟನ್ನು ಎಳೆದುಕೊಂಡಳು. ಆಮೇಲೆ, ನಮ್ಮ ಹಳೇ ಕಥೆಗಳನ್ನೆಲ್ಲ ಮತ್ತೆ ಓದೋಣ, ಉಂಗುರ ಎಲ್ಲೆಲ್ಲಿದೆ ನೋಡೋಣ ಎಂದಳು. ಓದುತ್ತಿದ್ದೇವೆ. ಎಷ್ಟು ಕಡೆ ಇದೆ ಎಂದು ಬಂದ ಮೇಲೆ ಹೇಳುತ್ತೇನೆ. ಇಲ್ಲಿಯ ಬಸುರಿಯರಿಗೆ ಈಗ ಲೊರೇನ್ ಹೇಳುವುದು ಒಂದೇ: ಉಂಗುರ ಬಿಗಿಯಾಯ್ತಾ, ದೊಡ್ಡದನ್ನ ಹುಡುಕಬೇಡ, ಬಿ.ಪಿ. ನೋಡಿಸು, ನೋಡೋವರೆಗೂ ಕುರ್ಚಿ ಬಿಟ್ಟು ಏಳಬೇಡ.

ಮೊನ್ನೆ ಅರ್ನೆಟಾಳ ಮನೆಗೆ ಮತ್ತೆ ಹೋದೆ, ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸಲು. ನಿನ್ನ ಉಂಗುರ ತೋರಿಸಿದೆ. ಒಳಗೆ ಹೋಗಿ ತನ್ನ ಲಕೋಟೆ ತಂದಳು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ಕತ್ತರಿಸಿದ ಜಾಗವೂ ಒಂದೇ. ಅವಳು ಅತ್ತಳು, ನಾನೂ ಅತ್ತೆ. ಆಮೇಲೆ ಡೆನೀಟಾಳ ಕಥೆಯಲ್ಲಿ ಡಾಕ್ಟರು ಒಳ್ಳೆಯವರು ಎಂದಿದ್ದನ್ನು ಹೊಡೆದುಹಾಕಿಸಿದಳು. ಉಂಗುರ ಸೇರಿಸಿದಳು. ತಲೆ ಬಾಚಿಕೊಂಡಿದ್ದನ್ನು ಸೇರಿಸಿದಳು. ಕಾಯಲು ಕೂರಿಸಿದ್ದನ್ನು ಸೇರಿಸಿದಳು.

ಮುಗಿಯಿತೇ ಎಂದು ಕೇಳಿದೆ. ದೇವರ ಇಚ್ಛೆ ಎನ್ನುವಲ್ಲಿಗೆ ಮುಗಿಸಬೇಡ, ಇನ್ನೊಂದು ಮಾತು ಬರೆದುಕೋ ಎಂದಳು. ಅವಳು ಹೇಳಿದ ಹಾಗೇ ಬರೆದುಕೊಂಡೆ, ಓದಿ ಹೇಳಿದೆ, ಸರಿ ಎಂದಳು. ಡೆನೀಟಾಳ ಕಥೆ ಈಗ ಹೀಗೆ ಮುಗಿಯುತ್ತದೆ:

"ಆಮೇಲೆ ಒಂದು ಭಾನುವಾರ ನಾನು ಮಿಲ್ವಾಕಿಗೆ ಫೋನ್ ಮಾಡಿದೆ. ತುಂಬಾ ಹೊತ್ತು ಗಂಟೆ ಹೊಡೀತು. ಹುಡುಗಿ ಫೋನ್ ಎತ್ತಿದಳು."

ನಿನ್ನ ದೊಡ್ಡಮ್ಮ
ವರ್ನೆಲ್